ಹಲ್ಲು ಕಟ್ಟುವವಳ ಭಯದ ಕಥೆಗಳು

ಅವಳ ಕಸುಬು ಹಲ್ಲು ಕಟ್ಟುವುದು; ಹುಚ್ಚು, ಭಯದ ಕಥೆ ಬರೆಯುವುದು. ಎರಡಕ್ಕೂ ಊರವರ ಬಾಯೇ ಬಂಡವಾಳ ಎಂದು ಅವಳ ಗಂಡ ಬಂದವರೆದುರೆಲ್ಲ ಹೇಳಿ ನಗುತ್ತಿದ್ದ. ಅವನು ಬೀಗ ರಿಪೇರಿ ಮಾಡುವವನು. ಎಂಥ ಬೀಗವನ್ನಾದರೂ ತೆಗೆಯುವ ಗಂಡಸಿಗೆ ಹೆಂಡತಿಯ ಪುಸ್ತಕ ತೆಗೆಯುವುದಕ್ಕೆ ಮಾತ್ರ ಧೈರ್ಯ ಸಾಲದು. ಹಗಲು ಹೊತ್ತಿನಲ್ಲಿ, ಅಂಗಡಿಯ ಹೊಸ್ತಿಲ ಮೇಲೆ ಕೂತು, ನಾಲ್ಕು ಜನ ಓಡಾಡುವುದು ಕಣ್ಣಿಗೆ ಬೀಳುತ್ತಿರುವಾಗ ಓದುತ್ತಿದ್ದ. ಗಿರಾಕಿ ಬಂದು ಹೆಗಲು ಮುಟ್ಟಿದರೆ ಹೌಹಾರುತ್ತಿದ್ದ. ಅವನ ತಂಗಿ ಇನ್ನೂ ಒಂದು ಕೈ ಮೇಲು. ಅತ್ತಿಗೆ ಪ್ರೀತಿಯಿಂದ ಕೊಟ್ಟ ಪುಸ್ತಕವನ್ನು ಬೇಡ ಎನ್ನಲಾರದೆ ತೆಗೆದುಕೊಂಡು ಹೋಗಿ, ಮನೆಯೊಳಗೆ ಇಡಲೂ ಆಗದೆ, ಹೊರಗಿನ ಚಪ್ಪಲಿ ಗೂಡಿನಲ್ಲಿಟ್ಟಿದ್ದಳು. ಅತ್ತಿಗೆಗೆ ‘ದೆವ್ವದತ್ತಿಗೆ’ ಎಂದು ಹೆಸರಿಟ್ಟವಳೂ ಅವಳೇ. ಆ ಹೆಸರು ನೆಂಟರಲ್ಲೆಲ್ಲ ಹಬ್ಬಿ, ಕೊನೆಗೆ ಪುಸ್ತಕದ ಹಿಂಬದಿಯಲ್ಲೂ ಅಚ್ಚಾಯಿತು.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಹಳೆಯ ಕಟ್ಟಡದ ಮೇಲಂತಸ್ತಿನ ಉದ್ದನೆಯ ಕೋಣೆಯಲ್ಲಿ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು, ಒಣಗಿಸಿ, ಅದರ ಮೇಲೆ ಗುಲಾಬಿ ಬಣ್ಣದ ಮೇಣ ಕೂಡಿಸಿ, ಸಣ್ಣ ದೀಪದ ಉರಿಯಲ್ಲಿ ಚಮಚದ ತುದಿಯನ್ನು ಕಾಯಿಸುತ್ತ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದಳು. ಕೋಣೆಯ ಒಂದೇ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಎದುರು. ಹಿಂಬದಿಯಲ್ಲಿ ಕಿಟಕಿಯೇ ಇಲ್ಲದ ಸಣ್ಣದೊಂದು ಕೋಣೆ. ಕೆಲಸ ಮುಗಿದ ಹಳೆಯ ಅಚ್ಚುಗಳನ್ನೆಲ್ಲ ಅಲ್ಲಿ ಹಲಗೆಗಳ ಮೇಲೆ ಸಾಲಾಗಿ ಇಟ್ಟಿರುತ್ತಿತ್ತು. ಬಿಳಿ ಬಾಯಿಗಳು, ಸಾಲು ಸಾಲು, ಎಲ್ಲವೂ ಸ್ವಲ್ಪ ತೆರೆದಿದ್ದವು. ಮಾಲೀಕ ಬೆಳಿಗ್ಗೆ ಬಂದು ಕೆಲಸ ಹಂಚಿ ಹೋದರೆ ಮಾರನೆಯ ದಿನವೇ ಮುಖ ತೋರಿಸುವುದು. ಅಲ್ಲಿಯವರೆಗೆ ಅವಳು, ಸಾಣೆ ಚಕ್ರದ ಸದ್ದು, ಆ ಬಾಯಿಗಳು.

ಈ ಕಸುಬಿನ ವಿಚಿತ್ರವೆಂದರೆ ಮುಖ ಬರುವುದಿಲ್ಲ. ಎಷ್ಟೋ ಜನರ ನಗೆಯನ್ನು ಅವಳ ಕೈಯೇ ಮಾಡಿದ್ದರೂ ಅವರಲ್ಲಿ ಒಬ್ಬರನ್ನೂ ಅವಳು ಕಂಡಿರಲಿಲ್ಲ. ಬಾಯಿ ನೋಡಿ ಮನುಷ್ಯನನ್ನು ಊಹಿಸುವುದು ಹಾಗೆ ಅಭ್ಯಾಸವಾಯಿತು. ಒಂದು ಕಡೆ ಮಾತ್ರ ಸವೆದ ಹಲ್ಲು ಕಂಡರೆ, ನಿದ್ದೆಯಲ್ಲಿ ಯಾರ ಮೇಲೆ ಹಲ್ಲು ಕಡಿಯುತ್ತಾನೋ ಎಂದುಕೊಳ್ಳುವಳು. ಒಮ್ಮೆ ಒಂದು ಅಚ್ಚಿನ ಅಂಗುಳಿನ ಮೇಲಿದ್ದ ಗೆರೆಗಳು ಅವಳಿಗೆ ಬೀದಿಗಳ ನಕ್ಷೆಯಂತೆ ಕಂಡವು. ತನ್ನದೇ ನಾಲಗೆಯಿಂದ ಆ ಬೀದಿಗಳನ್ನು ತಡವುತ್ತ ತಡವುತ್ತ ಒಂದು ದಿನ ಅಲ್ಲೇ ದಾರಿ ತಪ್ಪಿದವನ ಕಥೆ ಅವಳ ಮೊದಲ ಕಥೆ. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದ ಮೇಲೆ, ಕೈಗೆ ಅಂಟಿದ ಪ್ಲಾಸ್ಟರ್ ಪುಡಿ ಒರೆಸಿಕೊಂಡು ಫೋನಿನಲ್ಲೇ ಬರೆದದ್ದು.

ಬಿಳಿ ಬಟ್ಟೆ ಉಟ್ಟು ಕಿರುಚುವ ದೆವ್ವಗಳು ಅವಳ ಕಥೆಗಳಲ್ಲಿ ಇರಲಿಲ್ಲ. ಹತ್ತುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು ಲೆಕ್ಕ ಬರುವ ಮೆಟ್ಟಿಲಿತ್ತು. ಯಜಮಾನನಿಗಿಂತ ಮುಂಚೆ ಮನೆ ಸೇರಿ ಊಟಕ್ಕೆ ಕೂತಿರುವ ನೆರಳಿತ್ತು. ಅವಳು ಮೊದಮೊದಲು ಕಥೆಗಳನ್ನು ಪ್ರಕಾಶಕರಿಗೆ ಕಳಿಸಿದಳು. ಒಬ್ಬರು, ಇದು ದೆವ್ವವೂ ಅಲ್ಲ ಮನುಷ್ಯರೂ ಅಲ್ಲ, ಯಾವ ಕಪಾಟಿನಲ್ಲಿ ಇಡೋದು ಎಂದು ಕೇಳಿದರು. ಉಳಿದವರು ಅಷ್ಟನ್ನೂ ಕೇಳಲಿಲ್ಲ. ಕಾಯುವುದು ಸಾಕಾಗಿ ತಾನೇ ಅಚ್ಚು ಹಾಕಿಸಿದಳು. ಕಾಲೇಜಿಗೆ ಹೋಗುವ ಮಗಳು ಮುಖಪುಟ ಮಾಡಿದಳು, ಗಂಡ ಕಟ್ಟುಗಳನ್ನು ಸ್ಕೂಟರಿನಲ್ಲಿ ಹೊತ್ತು ತಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ಮೂವರೂ ಮೊದಲ ಪ್ರತಿಯನ್ನು ಮೂಸಿ ನೋಡಿದರು.

ಬರೆಯುವುದು ಸುಲಭ, ಬರೆದದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವುದೇ ಹೆಣಗಾಟ ಎಂಬುದು ಆಮೇಲೆ ತಿಳಿಯಿತು. ವಾಚನಾಲಯವೊಂದರಲ್ಲಿ ಕಥೆ ಓದಲು ಕರೆದರು. ಮೂವರು ಬಂದಿದ್ದರು, ಅವರಲ್ಲಿ ಒಬ್ಬ ದೀಪ ಆರಿಸಿ ಬಾಗಿಲು ಹಾಕಬೇಕಾದವನು. ವಿಮರ್ಶೆ ಬರೆಯುತ್ತೇವೆಂದು ಬಿಟ್ಟಿ ಪ್ರತಿ ತರಿಸಿಕೊಂಡವರ ಬಾಯಿಗೆ ಬೀಗ ಬಿತ್ತು. ಆ ಬೀಗ ತೆಗೆಯುವುದು ತನ್ನಿಂದಲೂ ಆಗದು ಎಂದ ಗಂಡ. ಮಗಳು ಅಮ್ಮನನ್ನು ಹಿಂದಿನ ಕೋಣೆಯ ಅಚ್ಚುಗಳ ಮುಂದೆ ನಿಲ್ಲಿಸಿ, ಕಥೆಯ ಒಂದೊಂದು ತುಣುಕು ಓದಿಸಿ, ವಿಡಿಯೋ ಮಾಡಿ ಹಾಕತೊಡಗಿದಳು. ಯಾರೋ ಒಬ್ಬರು, ಪುಸ್ತಕ ಓದಿ ವಾರವಿಡೀ ನಿದ್ದೆ ಬರಲಿಲ್ಲ, ಯಾರೂ ಕೊಳ್ಳಬೇಡಿ ಎಂದು ಬರೆದು ಐದರಲ್ಲಿ ಒಂದೇ ನಕ್ಷತ್ರ ಕೊಟ್ಟಾಗ ಅವಳು ಮುಖ ಸಣ್ಣ ಮಾಡಿಕೊಂಡು ಕೂತಳು. ಮಗಳು ಕುಣಿದಾಡಿದಳು. ಆ ಸಾಲನ್ನೇ ದಪ್ಪಕ್ಷರದಲ್ಲಿ ಜಾಹೀರಾತು ಮಾಡಿದಳು.

ವಾರದ ರಜೆಯ ದಿನ ಊರ ನಡುವಿನ ದೊಡ್ಡ ಷೆಡ್ಡಿನಲ್ಲಿ ಸಂತೆಯಂಥದ್ದೊಂದು ಸೇರುತ್ತಿತ್ತು. ಅಲ್ಲಿ ಮೇಣದ ಬತ್ತಿ ಮಾರುವವಳ ಪಕ್ಕ ಇವಳದೊಂದು ಮೇಜು. ಜನ ಬರುವರು, ಪುಸ್ತಕ ಎತ್ತಿಕೊಳ್ಳುವರು, ಹಿಂಬದಿ ಓದುವರು, ಬಿಸಿ ಪಾತ್ರೆ ಮುಟ್ಟಿದವರಂತೆ ಕೆಳಗಿಡುವರು. ಇವಳಿಗೆ ಅವರ ಮುಖಕ್ಕಿಂತ ಮೊದಲು ಹಲ್ಲು ಕಾಣುತ್ತಿತ್ತು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ, ನೀನು ಎರಡನ್ನೂ ಮಾರ್ತೀಯ ಎಂದು ಮೇಣದ ಬತ್ತಿಯವಳು ಹಾಸ್ಯ ಮಾಡುತ್ತಿದ್ದಳು.

ಹೀಗೇ ಮೂರು ಪುಸ್ತಕಗಳು ಬಂದವು. ನಾಲ್ಕನೆಯದಕ್ಕೆ ಕಾರಣವಾದದ್ದು ಒಂದು ವಿಚಿತ್ರ ಕೆಲಸ. ಒಬ್ಬ ದಂತವೈದ್ಯರಿಂದ ಎಂದಿನಂತೆ ಅಚ್ಚು ಬಂತು. ಹಲ್ಲೆಲ್ಲ ಉದುರಿದ ಗಂಡಸಿನ ಮೇಲ್ದವಡೆ. ಅದರ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಂಗಸೊಬ್ಬಳ ಹಳೆಯ ಹಲ್ಲಿನ ಸೆಟ್ಟೂ ಇತ್ತು. ಮುಂದಿನ ಆರು ಹಲ್ಲುಗಳನ್ನು ಆ ಸೆಟ್ಟಿನಿಂದ ಕಿತ್ತು ಹೊಸದಕ್ಕೆ ಕೂಡಿಸಬೇಕಂತೆ. ಅವಳು ಫೋನ್ ಮಾಡಿ ಕೇಳಿದಳು. ವೈದ್ಯರು ಬೇಸತ್ತಿದ್ದರು. ನಾನೂ ಬೇಡ ಅಂದೆ, ಮುದುಕರು ಕೇಳಲಿಲ್ಲ, ಹಟ ಹಿಡಿದಿದ್ದಾರೆ, ಮಾಡಿಬಿಡಿ ಎಂದರು. ಯಾರ ಹಲ್ಲು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಹಳೆಯ ಸೆಟ್ಟಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಕೂದಲು ತೂರುವಷ್ಟು ಸಂದಿಯಿತ್ತು. ಎಡಗಡೆಯದರ ಮೂಲೆ ಚಕ್ಕೆ ಎದ್ದಿತ್ತು. ಸರಿ ಮಾಡಬೇಕೆಂದು ಕೈ ಹೋದರೂ ಯಾಕೋ ಮನಸ್ಸು ಒಪ್ಪದೆ, ಸಂದಿಯನ್ನೂ ಚಕ್ಕೆಯನ್ನೂ ಇದ್ದಂತೆಯೇ ಉಳಿಸಿ ಕೂಡಿಸಿದಳು. ಸೆಟ್ಟು ಹೊರಟುಹೋಯಿತು, ಕಥೆ ಉಳಿಯಿತು. ಹೆಂಡತಿ ಸತ್ತ ಮೇಲೆ ಅವಳ ಹಲ್ಲು ಕಟ್ಟಿಸಿಕೊಂಡ ಒಬ್ಬ ಗಂಡಸು. ಅವನು ಹಲ್ಲು ತೆಗೆದು ನೀರಿನ ಲೋಟದಲ್ಲಿ ಹಾಕಿಟ್ಟಾಗ ಲೋಟದೊಳಗಿಂದ ಅವಳ ಮಾತು. ದಿನ ಕಳೆದಂತೆ ಆ ಮಾತು ಅವನದೇ ಬಾಯಿಂದ ಬರತೊಡಗುತ್ತದೆ. ತಡೆಯಲಾರದೆ ಅವನು ಹಲ್ಲನ್ನು ನದಿಗೆ ಎಸೆಯುತ್ತಾನೆ. ಮನೆಗೆ ಬಂದು ನೋಡಿದರೆ ಅವನಿಗೆ ಹೆಂಡತಿಯ ಹೆಸರನ್ನು ಉಚ್ಚರಿಸಲೂ ಬರುವುದಿಲ್ಲ. ಬಾಯಿ ತೆರೆದರೆ ನೀರು ಹರಿಯುವ ಸದ್ದು ಮಾತ್ರ. ಆ ಕಥೆಯನ್ನು ಓದಿದ ವಿಡಿಯೋ ಊರೂರು ತಿರುಗಿತು. ಪುಸ್ತಕದ ಕಟ್ಟುಗಳು ಮೊದಲ ಸಲ ಮನೆಯಿಂದ ಖಾಲಿಯಾದವು.

ಆ ಮುದುಕರು ಸಂತೆಗೆ ಬಂದದ್ದು ಆಮೇಲೆ. ಎತ್ತರದ ಆಳು, ತೋಳಿಗೆ ಸಾಲದ ಕೋಟು. ಪುಸ್ತಕವನ್ನು ಕೈಯಷ್ಟುದ್ದ ದೂರ ಹಿಡಿದು ಓದುತ್ತಿದ್ದರು. ಯಾವುದೋ ಸಾಲಿಗೆ ತುಟಿ ಬಿಚ್ಚಿದಾಗ ಎಡಗಡೆಯ ಮುಂದಿನ ಹಲ್ಲಿನ ಚಕ್ಕೆ ಎದ್ದ ಮೂಲೆ ಇವಳಿಗೆ ಕಂಡಿತು. ತನ್ನ ಕೈಯಾರೆ ನಿಲ್ಲಿಸಿದ ಹಲ್ಲುಗಳು, ಹೆಂಗಸಿನ ಹಲ್ಲುಗಳು, ಒಬ್ಬ ಅಪರಿಚಿತ ಗಂಡಸಿನ ಬಾಯಲ್ಲಿ ನಿಂತು ತನ್ನ ಕಥೆಯನ್ನೇ ಓದುತ್ತಿದ್ದವು. ಅವರು ಒಂದು ಪ್ರತಿ ಕೊಂಡು ಹೋದರು. ಇವಳು ಗಂಡನಿಗೂ ಹೇಳಲಿಲ್ಲ.

ಮುಂದಿನ ರಜೆಗೆ ಅವರು ಮತ್ತೆ ಬಂದರು. ಪುಸ್ತಕ ಕೋಟಿನ ಜೇಬಿನಲ್ಲಿತ್ತು. ಮೇಣದ ಬತ್ತಿಯವಳ ಗಿರಾಕಿಗಳು ಕರಗುವವರೆಗೆ ದೂರ ನಿಂತಿದ್ದು, ಮೇಜಿನ ಹತ್ತಿರ ಬಂದರು.

“ಇದರ ಕೊನೆ ಬದಲಾಯಿಸೋಕೆ ಆಗುತ್ತಾ ಅಮ್ಮ?”

“ಯಾವುದರ ಕೊನೆ, ಸರ್?”

“ಅವನು ಹಲ್ಲನ್ನ ನದಿಗೆ ಎಸೀತಾನಲ್ಲ, ಅದು.”

ಕಥೆ ಅಚ್ಚಾಗಿ ಹೋಗಿದೆ, ಅದು ಬರೀ ಕಥೆ ಎಂದು ಅವಳು ಸಮಾಧಾನ ಹೇಳಲು ಹೋದಳು. ಓದುಗರು ಹೆದರಿ ಬರುವುದು ಅವಳಿಗೆ ಹೊಸದಲ್ಲ. ಆದರೆ ಇವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ದುಃಖವಿತ್ತು.

“ನನ್ನ ಹೆಂಡತಿ ಬರೀ ಕಥೆ ಅಲ್ಲಮ್ಮ,” ಎಂದರು ಅವರು. “ನಿಮಗೆ ಯಾರು ಹೇಳಿದ್ರು ಅಂತ ನಾನು ಕೇಳೋದಿಲ್ಲ. ಆದ್ರೆ ನೀವು ಎಸೆದ ದಿನದಿಂದ ಅವಳು ಮಾತಾಡಿಲ್ಲ.”

ವಿಳಾಸ ಹೇಳಿ, ದಯವಿಟ್ಟು ಬಂದು ಹೋಗಿ ಎಂದು ಹೊರಟರು. ಆ ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಒಂದೊಂದಾಗಿ ಸವರುತ್ತ ಕೇಳಿಸಿಕೊಂಡ. ಹುಚ್ಚರ ಸಹವಾಸ ಬೇಡ ಎನ್ನುತ್ತಾನೆಂದು ಅವಳು ಎಣಿಸಿದ್ದಳು. ಅವನು ಹೇಳಿದ್ದು, ಹೋಗೋದಾದ್ರೆ ಹಗಲಲ್ಲೇ ಹೋಗೋಣ, ನಾನು ಕೆಳಗೆ ಸ್ಕೂಟರ್ ಹತ್ತಿರ ಇರ್ತೀನಿ ಎಂದು.

ಮನೆ ಮೂರನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ. ಎರಡು ಕುರ್ಚಿಗಳನ್ನು ಕಿಟಕಿಯ ಕಡೆ ಒಟ್ಟಿಗೆ ತಿರುಗಿಸಿಟ್ಟಿತ್ತು. ಅವರು ಆ ಕುರ್ಚಿಗಳನ್ನು ತೋರಿಸದೆ, ಅಡುಗೆಮನೆಯಿಂದ ಅವಳಿಗೆಂದು ಸ್ಟೂಲು ತಂದಿಟ್ಟು, ತಾವು ಒಂದು ಕುರ್ಚಿಯಲ್ಲಿ ಕೂತು ಇನ್ನೊಂದನ್ನು ಖಾಲಿ ಬಿಟ್ಟರು. ತಾನು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು ಎಂದು ಹೇಳಿಕೊಂಡರು. ಮೋಡದ ಹತ್ತಿರದ ಗೂಡಿನಲ್ಲಿ ಒಬ್ಬನೇ ಕೂತಿರುವ ಕೆಲಸ. ಕೆಳಗೆ ಏನಿದೆಯೆಂದು ಸರಿಯಾಗಿ ಕಾಣದು. ಕೆಳಗೆ ನಿಂತವರು ರೇಡಿಯೋದಲ್ಲಿ ಹೇಳಿದಂತೆ ಭಾರ ಇಳಿಸಬೇಕು. ಹೇಳುತ್ತಿದ್ದವಳು ಒಬ್ಬ ಹೆಂಗಸು. ‘ಸರಿ, ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಅವಳು ಹೇಳುವಾಗ ಪ್ರತಿ ‘ಸ’ಕ್ಕೂ ಸಣ್ಣ ಸೀಟಿ.

“ಮುಖ ನೋಡೋ ಎಷ್ಟೋ ಮುಂಚೆ ಆ ಸೀಟಿ ಕೇಳಿದ್ದೆ,” ಎಂದರು. “ಮದುವೆ ಆದ್ಮೇಲೂ ನನಗೆ ಕಣ್ಣು ಮುಚ್ಚಿದ್ರೇನೇ ಅವಳು ಸರಿಯಾಗಿ ಕಾಣ್ತಿದ್ದದ್ದು.”

ವಯಸ್ಸಾಗಿ ಹಲ್ಲು ಹೋದಾಗ ಹೆಂಡತಿ ಸೆಟ್ಟಿನಲ್ಲೂ ತನ್ನ ಹಳೆಯ ಸಂದಿಯನ್ನೇ ಇಡಿಸಿಕೊಂಡಿದ್ದಳಂತೆ. ಅವಳು ತೀರಿಕೊಂಡ ಮೇಲೆ ಆ ಸೆಟ್ಟು ಬಚ್ಚಲಿನ ಗೂಡಿನಲ್ಲೇ ಉಳಿಯಿತು. ಅದನ್ನು ಎಸೆಯಲು ಅವರಿಗೆ ಕೈ ಬರಲಿಲ್ಲ. ತನ್ನ ಹಲ್ಲುಗಳೂ ಹೋದಾಗ ವೈದ್ಯರ ಮುಂದೆ ಹಟ ಹಿಡಿದರು. ಹೊಸ ಸೆಟ್ಟು ಹಾಕಿಕೊಂಡು ಮನೆಗೆ ಬಂದು, ‘ಸುಸ್ತಾಯ್ತು’ ಎಂದು ಕುರ್ಚಿಯಲ್ಲಿ ಕೂತರೆ, ಆ ‘ಸು’ದಲ್ಲಿ ಸೀಟಿ. ಕೋಣೆಯಲ್ಲಿ ಯಾರೋ ಇದ್ದಾರೆಂದು ತಿರುಗಿ ನೋಡಿದರಂತೆ. ಆಮೇಲೆ ಬೇಕೆಂದೇ ‘ಸ’ ಇರುವ ಮಾತುಗಳನ್ನು ಹುಡುಕಿ ಆಡತೊಡಗಿದರು. ಇಲ್ಲಿಯವರೆಗೆ ಇವಳಿಗೆ ಎಲ್ಲ ಅರ್ಥವಾಯಿತು. ಹಲ್ಲಿನ ಸಂದಿಯಲ್ಲಿ ಗಾಳಿ ನುಗ್ಗಿದರೆ ಸೀಟಿ ಬರುತ್ತದೆ. ಹೆಂಡತಿಯ ಸಂದಿಯೇ ಗಂಡನಿಗೂ ಬಂದಿತ್ತು, ಅಷ್ಟೆ.

“ಮೊದಲು ಸೀಟಿ ಮಾತ್ರ ಇತ್ತು,” ಎಂದರು ಮುದುಕರು. “ಆಮೇಲೆ ಸೀಟಿ ಹಿಂದೆ ಮಾತೂ ಬಂತು. ಒಲೆ ಆರಿಸಿದೀನಾ ಅಂತ ಕೇಳಿಕೊಳ್ತಿದ್ದೆ. ನನ್ನ ಬಾಯೇ ‘ಸುಳ್ಳು, ಆರಿಸಿಲ್ಲ’ ಅನ್ನೋದು. ಹೋಗಿ ನೋಡಿದ್ರೆ ಉರೀತಾ ಇರೋದು. ನಾನು ಅರ್ಧ ಹೇಳಿದ್ದನ್ನ ಅವಳು ಮುಗಿಸೋಳು. ಭಯ ಯಾಕೆ ಆಗಬೇಕು? ಅವಳು ಹೇಳಿದ ಕಡೆಯೇ ಅಲ್ವಾ ಜೀವಮಾನವಿಡೀ ನಾನು ಭಾರ ಇಳಿಸಿದ್ದು.”

ಕಥೆಯನ್ನು ಅವರಿಗೆ ತೋರಿಸಿದ್ದು ತಂಗಿಯ ಮಗಳು, ನಗಲಿಕ್ಕೆಂದು. ಪುಸ್ತಕ ಕೊಂಡುಹೋಗಿ ಕೊನೆಯ ಸಾಲು ಓದಿ ಮುಗಿಸಿದ ಮಧ್ಯಾಹ್ನ ಸೀಟಿ ನಿಂತಿತು. ಹೇಳಿ ಮುಗಿಸಿ ಅವರು ಹಲ್ಲು ತೆಗೆದು, ನೀರಿದ್ದ ಲೋಟಕ್ಕೆ ಹಾಕಿ, ಅವಳ ಕಡೆ ಸರಿಸಿದರು. ಲೋಟದೊಳಗೆ ಗುಳ್ಳೆಯೊಂದು ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅದು ಒಡೆಯುತ್ತದೆಂದು ಅವಳು ಬಹಳ ಹೊತ್ತು ನೋಡಿದಳು. ಒಡೆಯಲಿಲ್ಲ.

ಸೆಟ್ಟನ್ನು ಕೆಲಸದ ಕೋಣೆಗೆ ತಂದು ಭೂತಗನ್ನಡಿಯ ಕೆಳಗಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಸಂದಿಯಲ್ಲಿ ಸುಣ್ಣದಂಥ ಕಿಟ್ಟ ಕಟ್ಟಿತ್ತು. ಗಾಳಿಗೆ ದಾರಿಯಿಲ್ಲದೆ ಸೀಟಿ ನಿಂತಿತ್ತು. ಅವಳಿಗೆ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ ಒಬ್ಬಳೇ ನಕ್ಕಳು. ಸಣ್ಣ ಕುಂಚದಿಂದ, ಆಮೇಲೆ ನೂಲಿನಿಂದ, ಸಂದಿಯನ್ನು ಬಿಡಿಸಿದಳು. ಆದರೆ ಕೊಡುವಾಗ ಇಷ್ಟನ್ನೇ ಕೊಟ್ಟರೆ ಮುದುಕರು ಒಪ್ಪುವುದಿಲ್ಲವೆಂದು ಗೊತ್ತಿತ್ತು. ಅವರು ಕೇಳಿದ್ದು ಕಥೆಯ ಕೊನೆಯನ್ನು. ಊಟದ ಡಬ್ಬಿ ಪಕ್ಕಕ್ಕಿಟ್ಟು ಬರೆಯಲು ಕೂತಳು.

ಇಷ್ಟು ವರ್ಷ ಜನರನ್ನು ಹೆದರಿಸುವುದು ಹೇಗೆಂದು ತಲೆ ಕೆಡಿಸಿಕೊಂಡವಳಿಗೆ, ಸತ್ತವಳನ್ನು ಮರಳಿ ಕರೆಯುವುದು ಹೇಗೆಂದು ತಿಳಿಯಲಿಲ್ಲ. ಬರೆದದ್ದನ್ನೆಲ್ಲ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು: ಆ ಗಂಡಸು ನದಿಯ ದಂಡೆಯವರೆಗೆ ಹೋಗಿ, ಕೈ ಎತ್ತಿ, ಎಸೆಯದೆ ನಿಲ್ಲುತ್ತಾನೆ. ಹಲ್ಲನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು, ಇದ್ದೀಯಾ ಎಂದು ಕೇಳುತ್ತಾನೆ. ಅವನ ಬಾಯಿ, ಮನೆಗೆ ಹೋಗೋಣ ಎನ್ನುತ್ತದೆ. ಮಗಳು ಓದಿ ಮೂಗು ಮುರಿದಳು.

“ಅಮ್ಮ, ಇದ್ರಲ್ಲಿ ಭಯ ಎಲ್ಲಿದೆ?”

“ನೀನು ಇನ್ನೊಂದು ಸಲ ಓದು,” ಎಂದಳು ಅವಳು. ಮಗಳು ಇನ್ನೊಮ್ಮೆ ಓದಿ, ಫೋನನ್ನು ಬೋರಲು ಮಾಡಿ ಹಿಂದಕ್ಕೆ ಕೊಟ್ಟಳು.

ತನ್ನ ಪುಸ್ತಕಕ್ಕೆ ತಾನೇ ಯಜಮಾನಿ ಆಗಿರುವುದರ ಸುಖ ಅವತ್ತು ಅವಳಿಗೆ ಗೊತ್ತಾಯಿತು. ಕೇಳಬೇಕಾದವರು ಯಾರೂ ಇಲ್ಲ. ಫೈಲು ಬದಲಿಸಿದಳು, ಮುಂದೆ ಅಚ್ಚಾಗುವ ಪ್ರತಿಗಳಲ್ಲೆಲ್ಲ ಹೊಸ ಕೊನೆ. ಹಾಗೆ ಅಚ್ಚಾದ ಮೊದಲ ಪ್ರತಿಯನ್ನೂ ಶುಚಿ ಮಾಡಿದ ಸೆಟ್ಟನ್ನೂ ಒಟ್ಟಿಗೆ ಹಿಡಿದು ಮತ್ತೆ ಆ ಮಹಡಿ ಹತ್ತಿದಳು.

ಮುದುಕರು ಮೊದಲು ಕಥೆ ಓದಿದರು. ಆಮೇಲೆ ಬೆನ್ನು ತಿರುಗಿಸಿ ಹಲ್ಲು ಹಾಕಿಕೊಂಡರು. ಅವಳ ಕಡೆ ತಿರುಗಿ, “ಸರಿ,” ಎಂದರು. ಸೀಟಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಇಬ್ಬರೂ ಬೆಚ್ಚಿದರು. ಮುದುಕರ ಕಣ್ಣು ತುಂಬಿತು. ಕಿಟಕಿಯ ಕಡೆಗಿದ್ದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ದೂರದ ರೇಡಿಯೋ ಕೇಳುವವರಂತೆ ತಲೆ ಓರೆ ಮಾಡಿದರು. ಸಂದಿ ಬಿಡಿಸಿದ್ದರಿಂದಲೋ, ಕೊನೆ ಬದಲಿಸಿದ್ದರಿಂದಲೋ ಎಂದು ಅವಳು ಯೋಚಿಸುತ್ತಿರುವಾಗಲೇ ಅವರು ಮಾತಾಡಿದರು. ಧ್ವನಿ ಅವರದೇ. ಮಾತು ಮಾತ್ರ ಅವರು ಆಡುವ ರೀತಿಯದಲ್ಲ. ಮೇಲಿರುವವನಿಗೆ ಕೆಳಗಿನಿಂದ ದಾರಿ ಹೇಳುವಂತೆ ಚಿಕ್ಕ ಚಿಕ್ಕ ತುಂಡು.

“ಹಿಂದಿನ ಕೋಣೆ. ಗೋಡೆ ಕಡೆ ಮುಖ ಮಾಡಿ ನಿಂತಿರೋಳು. ಅದು ನಾನಲ್ಲ. ಅವಳ ವಿಷ್ಯ ಬರೀಬೇಡ.”

ಅವರು ಕಣ್ಣು ಬಿಟ್ಟು, ಏನಂದೆ ನಾನು, ನಿಮಗೇನಾದ್ರೂ ಅರ್ಥ ಆಯ್ತಾ ಎಂದು ಸಂಕೋಚದಿಂದ ಕೇಳಿದರು. ಇಲ್ಲ ಎಂದಳು. ಅರ್ಧ ಮೆಟ್ಟಿಲು ಇಳಿದವಳು ಅಲ್ಲೇ ನಿಂತುಬಿಟ್ಟಳು. ಮುಂದಿನ ಪುಸ್ತಕಕ್ಕೆಂದು ಅವಳು ಒಂದು ಕಥೆಯನ್ನು ಮನಸ್ಸಿನಲ್ಲಿ ಬೆಳೆಸುತ್ತಿದ್ದಳು. ಹಳೆಯ ಅಚ್ಚುಗಳನ್ನಿಟ್ಟಿರುವ ಕಿಟಕಿಯಿಲ್ಲದ ಕೋಣೆ. ಅಲ್ಲಿ, ಹಲಗೆಗಳ ಕೊನೆಗೆ, ಗೋಡೆಯ ಕಡೆ ಮುಖ ಮಾಡಿ ನಿಂತ ಒಬ್ಬ ಹೆಂಗಸು. ಒಂದಕ್ಷರವನ್ನೂ ಬರೆದಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಹಾಗೆ ನೋಡಿದರೆ ಅದನ್ನು ಕಟ್ಟಿದ್ದು ತಾನೇ ಹೌದೋ, ಅಚ್ಚು ಇಡಲು ಹೋದಾಗಲೆಲ್ಲ ಕಣ್ಣಂಚಿನಲ್ಲಿ ಕಂಡದ್ದೋ ಎಂಬುದು ಆ ಮೆಟ್ಟಿಲ ಮೇಲೆ ಅವಳಿಗೆ ಖಾತ್ರಿಯಾಗಲಿಲ್ಲ.

ಗಂಡನಿಗೆ ಅವಳು ಅರ್ಧವನ್ನಷ್ಟೇ ಹೇಳಿದಳು. ಅವನು ಮಾರನೆಯ ದಿನವೇ ಒಂದು ಒಳ್ಳೆಯ ಬೀಗ ಹಿಡಿದು ಅವಳ ಕೆಲಸದ ಜಾಗಕ್ಕೆ ಬಂದ. ಹಿಂದಿನ ಕೋಣೆಯ ಬಾಗಿಲಿಗೆ ಬೀಗ ಕೂಡಿಸುತ್ತ, ಬಾಗಿಲ ಒಳಮೈ ನೋಡಿ ಅವನ ಕೈ ನಿಂತಿತು.

“ಇದಕ್ಕೆ ಒಳಗಿಂದಾನೂ ಚಿಲಕ ಇದೆಯಲ್ಲೇ,” ಎಂದ. “ಉಗ್ರಾಣಕ್ಕೆ ಒಳಗಿಂದ ಚಿಲಕ ಯಾಕೆ?”

ಮಾಲೀಕನನ್ನು ಕೇಳಿದರೆ, ತಾನು ಬಾಡಿಗೆಗೆ ಹಿಡಿದಾಗಲೇ ಇತ್ತು ಎಂದ. ಚಿಲಕಕ್ಕೆ ತುಕ್ಕು ಹಿಡಿದಿರಲಿಲ್ಲ. ಗಂಡ ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಹೊರಗಿನಿಂದ ಬೀಗ ಜಡಿದು, ಅವಳ ಕೆಲಸದ ಮೇಜನ್ನು ಎಳೆದು ಕಿಟಕಿಯ ಹತ್ತಿರ ಹಾಕಿಕೊಟ್ಟ. ಹೊಸ ಅಚ್ಚುಗಳನ್ನು ಅವಳು ಅಂದಿನಿಂದ ಮೇಜಿನ ಕೆಳಗೆ ಪೆಟ್ಟಿಗೆಯಲ್ಲಿಡತೊಡಗಿದಳು.

ಆಮೇಲಿನ ದಿನಗಳು ಅವಳಿಗೆ ಒಳ್ಳೆಯವಾಗಿದ್ದವು ಎಂದೇ ಹೇಳಬೇಕು. ಪುಸ್ತಕಕ್ಕೆ ಎರಡು ಕೊನೆಗಳಿವೆ ಎಂಬುದು ಓದುಗರಿಗೆ ಗೊತ್ತಾಗಿ ದೊಡ್ಡ ಜಗಳವೇ ಹತ್ತಿಕೊಂಡಿತು. ಎಸೆದದ್ದೇ ನಿಜ ಎಂದು ಕೆಲವರು, ಎಸೆಯದೆ ಮನೆಗೆ ತಂದದ್ದೇ ಇನ್ನೂ ಭಯಂಕರ ಎಂದು ಕೆಲವರು. ಜಗಳ ಬೆಳೆದಷ್ಟೂ ಪುಸ್ತಕ ಹೋಯಿತು. ಮುದುಕರು ಪ್ರತಿ ರಜೆಗೂ ಸಂತೆಗೆ ಬಂದು ಅವಳ ಮೇಜಿನ ಪಕ್ಕ ಕೂರತೊಡಗಿದರು. ಪುಸ್ತಕ ಎತ್ತಿಕೊಂಡು ಅನುಮಾನಿಸುವವರಿಗೆ, ನಾನು ಒಂದು ಪುಟ ಓದಲಾ ಎಂದು ಕೇಳಿ ಓದುವರು. ಹೊಸ ಕೊನೆಯ ಪುಟದಲ್ಲಿ ‘ಸ’ ಬರುವ ಕಡೆಯೆಲ್ಲ ಆ ಸಣ್ಣ ಸೀಟಿ. ಕೇಳುವವರು ಕತ್ತಿನ ಹಿಂಬದಿ ಸವರಿಕೊಳ್ಳುತ್ತಿದ್ದರು, ಕೊಂಡೂ ಕೊಳ್ಳುತ್ತಿದ್ದರು. ನಿನ್ನ ವಿಡಿಯೋ ಎಲ್ಲ ಇವರ ಮುಂದೆ ಏನೂ ಅಲ್ಲ ಎಂದು ಅವಳು ಮಗಳನ್ನು ಛೇಡಿಸುತ್ತಿದ್ದಳು. ಜನ ಇಲ್ಲದಾಗ ಮುದುಕರು ಬಂದರಿನ ಸುದ್ದಿ ಹೇಳುವರು. ಒಮ್ಮೊಮ್ಮೆ ಮಾತಿನ ನಡುವೆ ನಿಲ್ಲಿಸಿ, ಅವಳಿಗೆ ಅನ್ನಿಸೋದು ಬೇರೆ ಎಂದು ನಕ್ಕು, ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವರು. ಇವಳು ಹೆಚ್ಚು ಕೆದಕಲಿಲ್ಲ. ಆ ಹಿಂದಿನ ಕೋಣೆಯ ವಿಷಯ ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಚಳಿ ಶುರುವಾದಾಗ ಅವರು ಬರುವುದು ತಪ್ಪಿತು. ಒಂದು ಬೆಳಿಗ್ಗೆ ಅವರ ತಂಗಿಯ ಮಗಳು ಫೋನ್ ಮಾಡಿದಳು. ಮಾವ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದಾರೆ, ಹಲ್ಲು ಲೋಟದಲ್ಲಿದೆ, ಹಾಕಿ ಕಳಿಸಬೇಕು ಅನ್ನಿಸುತ್ತೆ, ನನಗೆ ಕೂಡಿಸೋಕೆ ಬರ್ತಿಲ್ಲ, ನೀವು ಬರ್ತೀರಾ ಎಂದು ಅಳುತ್ತ ಕೇಳಿದಳು. ಇವಳು ಹೋದಳು. ಮುದುಕರನ್ನು ಹಾಸಿಗೆಗೆ ಎತ್ತಿ ಮಲಗಿಸಿದ್ದರು. ಪ್ಲಾಸ್ಟರಿನ ದವಡೆಗಳಿಗೆ ಹಲ್ಲು ಕೂಡಿಸುತ್ತಿದ್ದ ಕೈಗೆ ಮನುಷ್ಯನ ದವಡೆ ಗಟ್ಟಿಯಾಗಿ, ತಣ್ಣಗೆ ಸಿಕ್ಕಿತು. ಮೆಲ್ಲಗೆ ತುಟಿ ಬಿಡಿಸಿ, ಸೆಟ್ಟು ಒದ್ದೆ ಮಾಡಿ, ಒಂದು ಬದಿಯಿಂದ ಒಳಗಿಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಕೂತಿತು. ಒಳಗೆ ಕುಸಿದಿದ್ದ ಮೇಲ್ದುಟಿ ಎದ್ದು ಮುಖ ತುಂಬಿಕೊಂಡಿತು.

ತಂಗಿಯ ಮಗಳು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದಳು.

“ಅತ್ತೆ ಥರ ಕಾಣ್ತಿದಾರೆ,” ಎಂದಳು. ಹತ್ತಿರ ಬಂದು ನೋಡಿ, “ಥರ ಅಲ್ಲ. ಅತ್ತೆನೇ,” ಎಂದಳು.

ಇವಳು ಅವರ ಹೆಂಡತಿಯನ್ನು ನೋಡಿದವಳಲ್ಲ. ಆದರೂ ಆ ಮುಖವನ್ನು ಅವಳು ಬೇಗ ಬಿಟ್ಟು ಬರಲಾರದೆ ನಿಂತಳು.

ಆ ಚಳಿಗಾಲವೆಲ್ಲ ಅವಳು ಏನೂ ಬರೆಯಲಿಲ್ಲ. ಓದುಗರು ಮುಂದಿನ ಪುಸ್ತಕ ಯಾವಾಗ ಎಂದು ಕೇಳುತ್ತಿದ್ದರು, ಮಗಳು ಮುಖಪುಟಕ್ಕೆ ಚಿತ್ರ ಹುಡುಕುತ್ತಿದ್ದಳು. ಒಂದು ಮಧ್ಯಾಹ್ನ ಊಟವಾದ ಮೇಲೆ, ಕಿಟಕಿಯ ಬಳಿಯ ಮೇಜಿನಲ್ಲಿ ಕೂತು, ಬಹಳ ದಿನದಿಂದ ತಡೆದಿಟ್ಟ ಆ ಕಥೆಯ ಮೊದಲ ಸಾಲನ್ನು ಬರೆದೇಬಿಟ್ಟಳು. ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳು ನಿಂತಿದ್ದಾಳೆ ಎಂಬ ಸಾಲು. ಬರೆದು ಕೈ ಎತ್ತಿ ಕಾದಳು. ಸಾಣೆ ಚಕ್ರ ನಿಂತಿತ್ತು. ಬೀಗ ಹಾಕಿದ ಬಾಗಿಲು ಬೆನ್ನ ಹಿಂದೆ ಇತ್ತು. ಬೇಡ ಎನ್ನುವವರು ಈಗ ಯಾರೂ ಇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಕೋಣೆಯಲ್ಲಿದ್ದದ್ದು, ಮುಂದಿನ ಸಾಲಿಗಾಗಿ ಯಾರೋ ಕಾಯುತ್ತಿರುವಂಥ ಒಂದು ಮೌನ.

ಅವಳು ಆ ಸಾಲನ್ನು ಅಳಿಸಿದಳು. ದೀಪ ಆರಿಸಿ, ಚೀಲ ತೆಗೆದುಕೊಂಡು, ಹಿಂದಿರುಗಿ ನೋಡದೆ ಇಳಿದು, ಗಂಡನ ಅಂಗಡಿಗೆ ನಡೆದುಕೊಂಡೇ ಹೋದಳು. ಅವನು ಯಾರದೋ ಪೆಟ್ಟಿಗೆಯ ಬೀಗ ಬಿಚ್ಚುತ್ತಿದ್ದ. ಇಷ್ಟು ಬೇಗ ಬಂದ್ಯಾ ಎಂದು ಕೇಳಿ, ಅವಳ ಮುಖ ನೋಡಿ, ಹೊಸ್ತಿಲ ಮೇಲೆ ಜಾಗ ಬಿಟ್ಟ. ಬೀದಿಯಲ್ಲಿ ಬಿಸಿಲಿತ್ತು, ಜನ ಓಡಾಡುತ್ತಿದ್ದರು. ಅವನು ಅಂಗಡಿ ಮುಚ್ಚುವವರೆಗೆ ಅವಳು ಅಲ್ಲೇ ಕೂತಿದ್ದಳು.